ಈ ಭಾನುವಾರದ ಬ್ಯಾಂಡ್: ವಿಪ್ಪಿಂಗ್ ಬಾಯ್

ಗೆಳೆಯರೇ, ಐರ್ಲೆಂಡಿನ ರಾಕ್ ಬ್ಯಾಂಡ್ ಯೂಟು (U2) ಸದ್ಯಕ್ಕೆ ಸಾಕು. ಈ ವಾರ ಅದೇ ಡಬ್ಲಿನ್‌ನ ಇನ್ನೊಂದು ಬ್ಯಾಂಡ್ ಕೇಳೋಣ, ವಿಪ್ಪಿಂಗ್ ಬಾಯ್. 1995ರಲ್ಲಿ ಕೊಲಂಬಿಯಾ ಕಂಪನಿಯಿಂದ ಇವರ ‘ಹಾರ್ಟ್‌ವರ್ಮ್’ ಆಲ್ಬಮ್ ಬಂತು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಆದರೆ ಜನ ಅಷ್ಟಾಗಿ ಕೊಳ್ಳಲಿಲ್ಲ. ಕಂಪನಿ ಕೈಬಿಟ್ಟಿತು, 1998ಕ್ಕೆ ಬ್ಯಾಂಡೇ ಒಡೆಯಿತು. ಮೂರನೇ ಆಲ್ಬಮ್ ಹೊರಬಂದದ್ದು 2000ದಲ್ಲಿ, ಅಷ್ಟರಲ್ಲಿ ಹಾಡಿದವರೇ ಚದುರಿಹೋಗಿದ್ದರು! ಈಗ ನೋಡಿದರೆ ಐರ್ಲೆಂಡಿನ ಒಳ್ಳೆಯ ಆಲ್ಬಮ್‌ಗಳ ಪಟ್ಟಿಗಳಲ್ಲಿ ಹಾರ್ಟ್‌ವರ್ಮ್ ಹೆಸರು ಮತ್ತೆ ಮತ್ತೆ ಬರುತ್ತದೆ.

ಗಾಯಕ ಫರ್ಗಲ್ ಮೆಕೀ ಕೆಲವು ಕಡೆ ಹಾಡುವುದಕ್ಕಿಂತ ಮಾತಾಡುವುದೇ ಜಾಸ್ತಿ. ಮೊದಲ ಸಲ ವಿಚಿತ್ರ ಅನಿಸಬಹುದು, ಸುಮ್ನೆ ಇನ್ನೊಮ್ಮೆ ಕೇಳಿ. ಸಾಹಿತ್ಯ ಕಟು, ಮಕ್ಕಳು ಪಕ್ಕದಲ್ಲಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ. ಶನಿವಾರದೊಳಗೆ ಕೇಳಿ ಮುಗಿಸಿ. ಭಾನುವಾರ ಸಂಜೆ 6ಕ್ಕೆ ಇಲ್ಲೇ ಮಾತಾಡೋಣ.