ಫಿಸ್ಪ್ ಬರುವವರೆಗೆ ನಿದ್ದೆ ಮಾಡಬೇಡ

ಪುಟ್ಟಿ,

ಶನಿವಾರ ರಾತ್ರಿ ನಿನ್ನ ಫ್ಲೈಟು. ಮೊನ್ನೆ ಊಟದ ಹೊತ್ತಿನ ಜಗಳ ಆದಮೇಲೆ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎಲ್ಲಾ ಸುದ್ದಿ ಅಮ್ಮನ ಮೂಲಕವೇ ಬರುತ್ತಿದೆ. "ಜಿನೀವಾದಲ್ಲಿ ಇಳಿದು ಟ್ರೈನಲ್ಲಿ ಹೋಗ್ತಾಳಂತೆ, ನಾಲ್ಕು ಗಂಟೆ ದಾರಿಯಂತೆ" ಅಂತ ನಿನ್ನೆ ಸಾಂಬಾರು ಕುದಿಸುತ್ತಾ ಹೇಳಿದಳು. ಅದೊಂದು ಮಾತಿಗೆ ಈ ಪತ್ರ. ಮಿಕ್ಕಿದ್ದನ್ನು ಬರೆಯುವುದಿಲ್ಲ. ಛತ್ರದವರ ಅಡ್ವಾನ್ಸು, ಆ ಹುಡುಗನ ಮನೆಯವರ ಮಾತು, ದೊಡ್ಡಪ್ಪನ ಮಾತು, ಎಲ್ಲಾ ನಿನಗೂ ಗೊತ್ತು, ನನಗೂ ಗೊತ್ತು. ಇಬ್ಬರು ಹೋಗಬೇಕಿದ್ದ ಊರಿಗೆ ಒಬ್ಬಳೇ ಹೊರಟಿದ್ದೀಯ. ಹೊರಡು. ಹೋಟೆಲಿನವರು ದುಡ್ಡು ಹೇಗೂ ವಾಪಸ್ ಕೊಡಲ್ಲ ಅಲ್ವಾ.

ಟ್ರೈನಿನ ವಿಷಯಕ್ಕೆ ಬರುತ್ತೇನೆ. ಜೀವಮಾನವೆಲ್ಲಾ ಸ್ಟೇಷನ್ ಮಾಸ್ಟರ್ ಆಗಿದ್ದವನ ಮಗಳು, ಟ್ಯಾಕ್ಸಿ ಬಿಟ್ಟು ರೈಲು ಆರಿಸಿಕೊಂಡಿದ್ದಕ್ಕೆ ಒಳಗೊಳಗೇ ಖುಷಿಯಾಯಿತು ಅಂತ ಇಟ್ಟುಕೋ. ಟ್ಯಾಕ್ಸಿ ಅಂದರೂ ಅದು ನೀನು ಹೋಗುವ ಝೆರ್ಮಾಟ್‌ವರೆಗೆ ಹೋಗಲ್ಲ. ಆ ಊರಿನೊಳಗೆ ಹೊರಗಿನ ಕಾರಿಗೆ ಪ್ರವೇಶವೇ ಇಲ್ಲ. ಕಾರಿನಲ್ಲಿ ಬಂದವರೂ ಟೇಶ್ ಅನ್ನುವ ಹಿಂದಿನ ಸ್ಟೇಷನ್‌ನಲ್ಲಿ ಗಾಡಿ ಬಿಟ್ಟು ಸಾಮಾನ್ಯವಾಗಿ ರೈಲು ಹತ್ತುತ್ತಾರೆ. ಊರೊಳಗೆ ಓಡಾಡುವುದೆಲ್ಲ ಬ್ಯಾಟರಿ ಗಾಡಿಗಳು. ಎಷ್ಟು ಚೆನ್ನಾದ ಕಾನೂನು ನೋಡು.

ಜಿನೀವಾ ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ತಪಾಸಣೆ ಆಗಿ, ಸೂಟ್‌ಕೇಸ್ ತೆಗೆದುಕೊಂಡ ಮೇಲೆ ಒಂದು ಎಚ್ಚರಿಕೆ. ಆ ಏರ್‌ಪೋರ್ಟು ಗಡಿಗೆ ಅಂಟಿಕೊಂಡಿದೆ, ಫ್ರಾನ್ಸ್ ಕಡೆಗೆ ಹೋಗುವವರಿಗೂ ಒಂದು ಭಾಗ ಇದೆ. ಆ ಬೋರ್ಡು ನೋಡಿಕೊಂಡು ಆ ಕಡೆ ಹೋಗಬೇಡ. ಸ್ವಿಟ್ಜರ್ಲೆಂಡ್ ಕಡೆಯೇ ಹೊರಗೆ ಬಾ. ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ, ಬಸ್ಸೂ ಬೇಡ ಆಟೋನೂ ಬೇಡ. ಎಸ್‌ಬಿಬಿ ಆ್ಯಪ್ ಫೋನಿನಲ್ಲಿ ಹಾಕಿಕೋ, ಅದು ಅವರ ಸರ್ಕಾರಿ ರೈಲ್ವೆಯದ್ದು. ಅದರಲ್ಲಿ ಕಡಿಮೆ ದರದ ಟಿಕೆಟ್ ಕಾಣಿಸುತ್ತದೆ. ಅದನ್ನು ಮೊದಲೇ ಕೊಂಡುಕೊಳ್ಳಬೇಡ. ಆ ಟಿಕೆಟ್ ಬರೆದಿರುವ ಗಾಡಿಗೆ ಮಾತ್ರ ನಡೆಯುತ್ತದೆ, ದುಬೈ ಫ್ಲೈಟು ತಡವಾದರೆ ದುಡ್ಡು ಹೋಯಿತು. ಮಾಮೂಲಿ ಟಿಕೆಟ್ ತಗೋ. ಆ ದಿನ ಯಾವ ಗಾಡಿಗಾದರೂ ಆಗುತ್ತದೆ, ರಿಸರ್ವೇಷನ್ ಬೇಕಿಲ್ಲ. ಆದರೆ ಹತ್ತುವ ಮುಂಚೆ ತಗೋಬೇಕು. ಗೇಟು ಇಲ್ಲ, ಯಾರೂ ತಡೆಯಲ್ಲ ಅಂತ ಸುಮ್ನೆ ಹತ್ತಿದರೆ ಒಳಗೆ ಟಿಟಿ ಬಂದೇ ಬರುತ್ತಾನೆ. ಅಲ್ಲಿ ದುಡ್ಡು ಫ್ರಾಂಕ್, ಯೂರೋ ಅಲ್ಲ.

ಇನ್ನೊಂದು. ಬಾಗಿಲು ತಾನಾಗಿ ತೆರೆಯುತ್ತದೆ ಅಂತ ಕಾಯುತ್ತಾ ನಿಲ್ಲಬೇಡ. ಬಾಗಿಲ ಮೇಲೆ ಗುಂಡಿ ಇರುತ್ತದೆ, ದೀಪ ಹತ್ತಿದಾಗ ಒತ್ತಬೇಕು. ಇಳಿಯುವಾಗಲೂ ಹಾಗೇ. ಯಾರೋ ಹಾಕಿದ್ದ ವಿಡಿಯೋದಲ್ಲಿ ನೋಡಿದೆ. ಅದೊಂದನ್ನೇ ಎಷ್ಟು ಸಲ ನೋಡಿದೆ ಅಂತ ಅಮ್ಮನನ್ನು ಕೇಳು, ನಗುತ್ತಾಳೆ.

ಪ್ಲಾಟ್‌ಫಾರ್ಮಿನ ಗಡಿಯಾರವನ್ನು ಒಂದು ನಿಮಿಷ ನಿಂತು ನೋಡು, ನನಗೋಸ್ಕರ. ಹಾನ್ಸ್ ಹಿಲ್ಫಿಕರ್ ಅನ್ನುವ ಅವರದ್ದೇ ರೈಲ್ವೆಯ ಎಂಜಿನಿಯರ್ 1944ರಲ್ಲಿ ಮಾಡಿದ ಗಡಿಯಾರ. ಬಿಳಿ ತಟ್ಟೆ, ಕಪ್ಪು ಗೆರೆ, ಅಂಕಿ ಇಲ್ಲ. ಆಮೇಲೆ ಕೆಂಪು ಸೆಕೆಂಡಿನ ಮುಳ್ಳು ಸೇರಿಸಿದ. ಅದರ ತುದಿ ದುಂಡಗಿದೆ, ಗಾಡಿ ಬಿಡಲು ಪ್ಲಾಟ್‌ಫಾರ್ಮಿನವನು ಹಿಂದೆ ಎತ್ತಿ ತೋರಿಸುತ್ತಿದ್ದ ತಟ್ಟೆಯ ಹಾಗೆ. ಆ ಮುಳ್ಳು ಸುಮಾರು ಐವತ್ತೆಂಟೂವರೆ ಸೆಕೆಂಡಿಗೇ ಸುತ್ತು ಮುಗಿಸಿ, ಮೇಲೆ ಹೋಗಿ ಒಂದು ಕ್ಷಣ ನಿಂತುಬಿಡುತ್ತದೆ. ನಿಮಿಷದ ಸಿಗ್ನಲ್ ಬಂದ ಮೇಲೆ ದೊಡ್ಡ ಮುಳ್ಳು ಟಕ್ ಅಂತ ಮುಂದಕ್ಕೆ ಹಾರುತ್ತದೆ, ಆಗ ಇದು ಮತ್ತೆ ಹೊರಡುತ್ತದೆ. ಸರ್ವೀಸಿನಲ್ಲಿ ನಾನು ಹತ್ತಾರು ಗಡಿಯಾರಕ್ಕೆ ಕೀ ಕೊಟ್ಟಿದ್ದೇನೆ. ಇಂಥದ್ದು ನೋಡಿಲ್ಲ. ವಿಡಿಯೋ ತೆಗೆದು ಕಳಿಸಿದರೆ, ಮಾತು ಬಿಟ್ಟಿದ್ದರೂ ಪರವಾಗಿಲ್ಲ, ನೋಡುತ್ತೇನೆ.

ಗಾಡಿಯಲ್ಲಿ ಬಲಗಡೆ ಕೂರು. ಲೊಸಾನ್ ದಾಟಿ ಮೊಂಟ್ರೂ ಕಳೆಯುವವರೆಗೆ ಸರೋವರ ಬಲಕ್ಕೇ ಇರುತ್ತದೆ, ಎಡಕ್ಕೆ ದ್ರಾಕ್ಷಿ ತೋಟದ ಮೆಟ್ಟಿಲು. ಆಮೇಲೆ ರೋನ್ ನದಿಯ ಕಣಿವೆ. ಇಲ್ಲಿಂದ ನನಗೆ ಚಿಂತೆ ಶುರು.

ಫಿಸ್ಪ್‌ನಲ್ಲಿ ಇಳಿಯಬೇಕು. ಬೋರ್ಡಿನಲ್ಲಿ ನಿನಗೆ ವಿಸ್ಪ್ ಅಂತ ಕಾಣುತ್ತದೆ, ಕೂಗುವುದು ಫಿಸ್ಪ್ ಅಂತ, ಫ್ರೆಂಚಿನವರಾದರೆ ವಿಯೆಜ್ ಅಂತಾರೆ. ಏರ್‌ಪೋರ್ಟಿನಿಂದ ಎರಡೂವರೆ ಗಂಟೆಗೂ ಸ್ವಲ್ಪ ಜಾಸ್ತಿ. ಅಲ್ಲಿ ಕೆಂಪು ಬಣ್ಣದ ಸಣ್ಣ ಗಾಡಿಗೆ ಬದಲಾಯಿಸಬೇಕು, ಮಧ್ಯೆ ಸಿಗುವುದು ಕೆಲವೇ ನಿಮಿಷ. ನೀನು ಹಿಂದಿನ ರಾತ್ರಿಯೆಲ್ಲಾ ಫ್ಲೈಟಿನಲ್ಲಿ ಕೂತು ಬಂದಿರುತ್ತೀಯ. ಗಾಡಿ ಬೆಚ್ಚಗಿರುತ್ತದೆ, ಅಲುಗಾಡಲ್ಲ. ನೀನು ಮಲಗಿಬಿಡುತ್ತೀಯ. ರೈಲು ಹತ್ತಿದರೆ ನಿನಗೆ ನಿದ್ದೆ ಬರದೇ ಇದ್ದದ್ದು ನಾನು ನೋಡೇ ಇಲ್ಲ.

ಹಾಸನದ ಆ ರಾತ್ರಿ ನಿನಗೆ ತಮಾಷೆಯ ಕಥೆ. ಫ್ರೆಂಡ್ಸಿಗೆ ಹೇಳಿ ನಗಿಸುತ್ತೀಯ, ನಾನೇ ಕೇಳಿದ್ದೇನೆ. ಮಂಗಳೂರಿನಲ್ಲಿ ಪರೀಕ್ಷೆ ಮುಗಿಸಿ ರಾತ್ರಿ ಗಾಡಿಗೆ ಹತ್ತಿದ್ದೆ. "ಹೊರಟೆ ಅಪ್ಪಾ" ಅಂತ ಒಂದು ಮೆಸೇಜು, ಬೋಗಿ ನಂಬರೂ ಇಲ್ಲ ಬರ್ತ್ ನಂಬರೂ ಇಲ್ಲ. ಆಮೇಲೆ ಫೋನ್ ಸ್ವಿಚ್ ಆಫ್. ಜುಲೈ ತಿಂಗಳು, ಮಳೆ ಅಂದರೆ ಮಳೆ. ಗಾಡಿ ಹಾಸನಕ್ಕೆ ಬಂದಾಗ ಎಲ್ಲಾ ಕಿಟಕಿ ಷಟರೂ ಇಳಿಬಿಟ್ಟಿದ್ದವು. ಇಳಿದವರಲ್ಲಿ ನೀನಿರಲಿಲ್ಲ. ನಾನು ಸ್ಲೀಪರ್ ಬೋಗಿಗಳ ಕಿಟಕಿ ಬಡಿಯುತ್ತಾ ಓಡಿದೆ. ಒಬ್ಬ ಮುದುಕ ಷಟರ್ ಎತ್ತಿ ಬೈದ. ಕಂಬದ ಕೆಳಗೆ ಛತ್ರಿ ಬಿಟ್ಟೆ, ಅದು ಇವತ್ತಿಗೂ ಸಿಕ್ಕಿಲ್ಲ. ಸ್ಟಾರ್ಟರ್ ಸಿಗ್ನಲ್ ಹಸಿರಾಯಿತು. ಡ್ಯೂಟಿಯಲ್ಲಿದ್ದವನು ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ಓಡಿಬಂದು, "ಸಾರ್, ಎರಡು ನಿಮಿಷ ಹಿಡೀಲಾ?" ಅಂದ. ಬೇಡ ಅಂದೆ.

ಯಾಕೆ ಬೇಡ ಅಂದೆ ಅಂತ ನೀನು ಯಾವತ್ತೂ ಕೇಳಿಲ್ಲ. ಅಮ್ಮ ಕೇಳಿದ್ದಾಳೆ, ಈಗಲೂ ಕೇಳುತ್ತಾಳೆ. ಒಂಟಿ ಲೈನು, ಮುಂದಿನ ಸ್ಟೇಷನ್‌ನಲ್ಲಿ ಕ್ರಾಸಿಂಗಿಗೆ ಗೂಡ್ಸ್ ಕಾಯುತ್ತಿತ್ತು. ಸಿಗ್ನಲ್ ಕೊಟ್ಟ ಮೇಲೆ ಗಾಡಿ ಹೊರಡಬೇಕು. ಮಿನಿಸ್ಟರ ಮಗಳಾದರೂ ಅಷ್ಟೇ, ಸ್ಟೇಷನ್ ಮಾಸ್ಟರನ ಮಗಳಾದರೂ ಅಷ್ಟೇ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಕೆಂಪು ಟೇಲ್ ಲ್ಯಾಂಪು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ನೀನು ಆ ಗಾಡಿಯಲ್ಲೇ ಮಲಗಿದ್ದೀಯ ಅಂತ ನನಗೆ ಹೇಗೆ ಗೊತ್ತಾಗಬೇಕು? ಘಾಟಿಯಲ್ಲಿ ಹುಡುಗ ಹುಡುಗಿಯರು ಬಾಗಿಲಲ್ಲಿ ನಿಂತು ಮಳೆ ನೋಡುತ್ತಾರೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ 55 ಕಿಲೋಮೀಟರು, 57 ಸುರಂಗ, ಪಕ್ಕದಲ್ಲಿ ಪ್ರಪಾತ. ಎರಡೂ ಕಡೆ ಸ್ಟೇಷನ್ನಿಗೆ ಫೋನ್ ಮಾಡಿಸಿದೆ. ಮಳೆಗಾಲದ ಪ್ಯಾಟ್ರೋಲ್‌ಮನ್‌ಗಳಿಗೆ ಹಳಿ ಪಕ್ಕ ಟಾರ್ಚ್ ಬಿಟ್ಟು ನೋಡಿಕೊಂಡು ಬರಲು ಹೇಳಿಸಿದೆ. ಇದು ನಿನಗೆ ಗೊತ್ತಿಲ್ಲ. ಬೆಳಗ್ಗೆ ಯಾರದೋ ಫೋನಿನಿಂದ ನೀನು "ಅಪ್ಪಾ, ಇದು ಯಶವಂತಪುರ ಅನ್ಸುತ್ತೆ" ಅಂತ ನಕ್ಕಾಗ ನಾನು ಹಾಗೆ ಕಿರುಚಿದ್ದಕ್ಕೆ ಕಾರಣ ಅದು. ಮಿಕ್ಕ ಯಾವುದಕ್ಕೂ ಅಲ್ಲ.

ಆದ್ದರಿಂದ ಫಿಸ್ಪ್‌ಗಿಂತ ಮುಂಚೆ ಸಿಗುವ ಸಿಯೋನ್ ಸ್ಟೇಷನ್ ಬರುವಷ್ಟರಲ್ಲಿ ಅಲಾರಂ ಇಟ್ಟುಕೋ. ಅಕಸ್ಮಾತ್ ಮಲಗಿದರೂ ಪ್ರಪಂಚ ಮುಳುಗಲ್ಲ. ಆ ಗಾಡಿ ಮುಂದಿನ ಬ್ರಿಗ್‌ನಲ್ಲಿ ನಿಂತುಬಿಡುತ್ತದೆ. ಸ್ಟೇಷನ್ ಮುಂಭಾಗಕ್ಕೆ ಬಂದರೆ ಝೆರ್ಮಾಟ್‌ಗೆ ಅದೇ ಕೆಂಪು ಗಾಡಿ ಅಲ್ಲೂ ಸಿಗುತ್ತದೆ. ಆದರೆ ಜಿನೀವಾ ಊರಿನ ಸ್ಟೇಷನ್‌ನಲ್ಲಿ ಇಳಿದು ಮಿಲಾನ್‌ಗೆ ಹೋಗುವ ಗಾಡಿ ಮಾತ್ರ ಹತ್ತಬೇಡ. ಅದು ಬ್ರಿಗ್ ದಾಟಿ ಸಿಂಪ್ಲಾನ್ ಸುರಂಗಕ್ಕೆ ನುಗ್ಗುತ್ತದೆ, ಹತ್ತಿರ ಹತ್ತಿರ 20 ಕಿಲೋಮೀಟರಿನ ಸುರಂಗ. ಎದ್ದರೆ ಇಟಲಿಯಲ್ಲಿ ಇರುತ್ತೀಯ. ಇಷ್ಟೆಲ್ಲಾ ಗೊತ್ತಿದ್ದೂ, ಮಲಗಿದರೂ ಏನೂ ಆಗಲ್ಲ ಅಂತ ಗೊತ್ತಿದ್ದೂ, ಮತ್ತೆ ಹೇಳುತ್ತಿದ್ದೇನೆ, ಮಲಗಬೇಡ.

ಫಿಸ್ಪ್‌ನಿಂದ ಮುಂದೆ ನಿಜವಾದ ಘಾಟಿ. 1891ರಲ್ಲಿ ಹಾಕಿದ ಲೈನು, ಮೀಟರ್ ಗೇಜು. ನಮ್ಮ ಹಾಸನ–ಮಂಗಳೂರು ಲೈನೂ 1979ರಲ್ಲಿ ಶುರುವಾದಾಗ ಮೀಟರ್ ಗೇಜೇ. ನಮ್ಮಲ್ಲಿ ಐವತ್ತಕ್ಕೆ ಒಂದು ಏರು, ಅಂದರೆ ಐವತ್ತು ಮೀಟರ್ ಹೋದರೆ ಒಂದು ಮೀಟರ್ ಮೇಲಕ್ಕೆ, ಅದಕ್ಕೇ ಹಿಂದೆ ಎಂಜಿನ್ ಹಾಕಿ ದೂಡುತ್ತೇವೆ. ಅಲ್ಲಿ ಕಡಿದಾದ ಕಡೆ ಎಂಟಕ್ಕೆ ಒಂದು! ಬರೀ ಚಕ್ರದಲ್ಲಿ ಹತ್ತಲು ಸಾಧ್ಯವೇ ಇಲ್ಲ. ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ ಇರುತ್ತದೆ, ಗಾಡಿಯ ಕೆಳಗಿನ ಹಲ್ಲಿನ ಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಊಟಿ ರೈಲಿನಲ್ಲಿ ನೀನು ಬಗ್ಗಿ ನೋಡಿದ್ದೆಯಲ್ಲ, ಅದೇ ಪದ್ಧತಿ. ರೋಮನ್ ಆಪ್ಟ್ ಅನ್ನುವ ಸ್ವಿಸ್ ಎಂಜಿನಿಯರ್ ಕಂಡುಹಿಡಿದದ್ದು. ಊಟಿಯ ಹಳೇ ಎಕ್ಸ್ ಕ್ಲಾಸ್ ಉಗಿ ಎಂಜಿನ್ನುಗಳು ಬಂದದ್ದೂ ಅದೇ ದೇಶದ ವಿಂಟರ್‌ಥೂರ್‌ನಿಂದ. ಹಲ್ಲು ಕಚ್ಚಿಕೊಳ್ಳುವಾಗ ಗಾಡಿ ನಿಧಾನವಾಗುತ್ತದೆ, ಕೆಳಗಿನಿಂದ ಗರಗರ ಅಂತ ಕೇಳುತ್ತದೆ. ಹೆದರಬೇಡ.

ಹೆದರಬೇಕಾದ್ದು ಬೇರೆ. ದಾರಿಯಲ್ಲಿ ರಾಂಡಾ ಅನ್ನುವ ಹಳ್ಳಿ ಬರುತ್ತದೆ. 1991ರಲ್ಲಿ ಅಲ್ಲಿ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಹಳಿ, ರಸ್ತೆ ಎರಡನ್ನೂ ಮುಚ್ಚಿಹಾಕಿತ್ತು. ಲೈನನ್ನೇ ಪಕ್ಕಕ್ಕೆ ಸರಿಸಿ ಕಟ್ಟಿದರು. 2018ರ ಜನವರಿಯಲ್ಲಿ ಹಿಮ ಬಿದ್ದು ರೈಲೂ ರಸ್ತೆಯೂ ನಿಂತು ಸುಮಾರು 13,000 ಪ್ರವಾಸಿಗಳು ಝೆರ್ಮಾಟ್‌ನಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಹೋದ ವರ್ಷಗಳಲ್ಲಿ ನಮ್ಮ ಎಡಕುಮೇರಿ ಹತ್ತಿರ ಮಣ್ಣು ಜಾರಿದ್ದು ನೆನಪಿದೆಯಲ್ಲ, 2024ರ ಜುಲೈನಲ್ಲಿ, ಎಷ್ಟು ದಿನ ಗಾಡಿ ಓಡಲಿಲ್ಲ! ಬೆಟ್ಟದ ಲೈನು ಎಂದರೆ ಎಲ್ಲಾ ದೇಶದಲ್ಲೂ ಇಷ್ಟೇ. ಲೈನು ಬಂದ್ ಅಂದರೆ ಫಿಸ್ಪ್‌ನಲ್ಲೇ ಕೂರು. ಯಾರೋ ಕಾರಿನವರು ಬಾ ಅಂದರು ಅಂತ ಹತ್ತಬೇಡ. ಹೋಟೆಲಿಗೆ ಫೋನ್ ಮಾಡು, ಆಮೇಲೆ ನನಗೆ ಮಾಡು. ರೈಲ್ವೆಯವರು ಬೇಡ ಅಂದಾಗ ಬೇಡವೇ. ಅವರಿಗೆ ಗಾಡಿ ನಿಲ್ಲಿಸುವ ಆಸೆ ಇರಲ್ಲ.

ಇದಕ್ಕೂ ಮದುವೆಗೂ ಹೋಲಿಕೆ ಕೊಡಲು ಹೊರಟಿದ್ದೆ, ಅಳಿಸಿದೆ. ದೊಡ್ಡಪ್ಪ ಕೊಟ್ಟಿರುವ ಹೋಲಿಕೆಗಳೇ ಸಾಕು.

ದಾರಿಯಲ್ಲಿ ಮ್ಯಾಟರ್‌ಹಾರ್ನ್ ಶಿಖರ ಕಾಣಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ಅದು ಕಣಿವೆಯ ತಲೆಯಲ್ಲಿದೆ, ಊರು ತಲುಪಿದ ಮೇಲೇ ಕಾಣುವುದು, ಅದೂ ಮೋಡ ಇಲ್ಲದಿದ್ದರೆ. 4,478 ಮೀಟರ್. 1865ರಲ್ಲಿ ಮೊದಲ ಸಲ ಹತ್ತಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ನೀನು ಹತ್ತಲ್ಲ ಅಂತ ಗೊತ್ತು. ಆದರೂ ಬರೆದೆ. ಗೋರ್ನರ್‌ಗ್ರಾಟ್‌ಗೆ ಹೋಗುವ ರೈಲು ಹತ್ತು, 1898ರಿಂದ ಕರೆಂಟಿನಲ್ಲೇ ಓಡುತ್ತಿದೆ, 3,089 ಮೀಟರಿಗೆ ಕರೆದುಕೊಂಡು ಹೋಗುತ್ತದೆ. ಮೇಲೆ ಹೋದ ತಕ್ಷಣ ಓಡಾಡಬೇಡ, ಉಸಿರು ಕಟ್ಟುತ್ತದೆ. ನೀರು ಕುಡಿ. ಒಳ್ಳೆ ಬೂಟು ಹಾಕು, ಆ ಮದುವೆಗೆ ಅಂತ ತಗೊಂಡ ಚಪ್ಪಲಿ ಅಲ್ಲ. ರಾತ್ರಿ ಒಬ್ಬಳೇ ಕೂತು ಹಳೇ ಮೆಸೇಜು ಓದಬೇಡ. ಕೋಪ ಬಂದರೆ ನನಗೆ ಫೋನ್ ಮಾಡಿ ಬೈ, ನಾನು ಎತ್ತುತ್ತೇನೆ, ನಿನ್ನ ಹಾಗಲ್ಲ.

ನೋಡು, ಮತ್ತೆ ಪಾಠ ಶುರುಮಾಡಿದೆ. ಕ್ಷಮೆ ಕೇಳಿ ಬರೆಯಿರಿ ಅಂತ ಅಮ್ಮ ಹೇಳಿದ್ದಳು. "ಜನ ಏನಂತಾರೆ" ಅಂತ ನಾನು ಅಂದ ಮಾತಿಗೆ, ಕೇಳಿದ್ದೇನೆ ಅಂತ ಲೆಕ್ಕ ಹಾಕಿಕೋ.

ನಿನ್ನೆ ದೊಡ್ಡಪ್ಪ ಫೋನ್ ಮಾಡಿದ್ದ. ಮಗಳು ಎಲ್ಲಿ ಅಂದ. ಸ್ವಿಟ್ಜರ್ಲೆಂಡಿಗೆ ಹೊರಟಿದ್ದಾಳೆ ಅಂದೆ. ಯಾರ ಜೊತೆ ಅಂದ. ಒಬ್ಬಳೇ, ಟ್ರೈನ್ ಎಲ್ಲಿ ಬದಲಾಯಿಸಬೇಕು ಅಂತ ಅವಳಿಗೆ ಗೊತ್ತು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ನನಗಂತೂ ಹಾಯ್ ಅನಿಸಿತು.

ಕೊನೆಗೆ ಒಂದು ಸಹಾಯ ಮಾಡು. ಅಮ್ಮ ಎರಡು ಡಬ್ಬ ತುಪ್ಪ ಕಾಯಿಸಿ ಇಟ್ಟಿದ್ದಾಳೆ. ಹಾಲಿನ ಪದಾರ್ಥ ಯಾವುದನ್ನೂ ನಮ್ಮ ಕಡೆಯಿಂದ ಆ ದೇಶಕ್ಕೆ ತರಲು ಬಿಡಲ್ಲ. ನಾನು ಹೇಳಿದರೆ ನಂಬುತ್ತಿಲ್ಲ, ನೀವೇ ತಿನ್ನೋಕೆ ಹೇಳ್ತಿದ್ದೀರ ಅಂತಾಳೆ. ಚಟ್ನಿಪುಡಿ ಮಾತ್ರ ಕಟ್ಟಿಸಿಕೋ. ತುಪ್ಪದ ವಿಷಯ ನೀನೇ ಫೋನ್ ಮಾಡಿ ಹೇಳು. ಲ್ಯಾಂಡ್‌ಲೈನಿಗೆ ಮಾಡು, ಸಂಜೆ ಹೊತ್ತು ಅದನ್ನು ನಾನೇ ಎತ್ತುವುದು.

ಅಪ್ಪ