ಎಲ್ಲದಕ್ಕೂ ಒಂದೇ ಲಾಗಿನ್: ಕೈಕೊಟ್ಟರೆ ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಎಲ್ಲಾ ವೆಬ್‌ಸೈಟ್‌ಗಳಿಗೂ ಒಂದೇ ಲಾಗಿನ್ ಇದ್ದರೆ ಎಷ್ಟು ಚೆನ್ನಾಗಿರುತ್ತದೆ ಅನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಸೈಬರ್ ಸೆಂಟರ್ ನಡೆಸುತ್ತೇನೆ. ಬೇರೆಯವರ ಲಾಗಿನ್ ಸರಿಮಾಡುವುದೇ ನನ್ನ ದಿನದ ಕೆಲಸ. ಸ್ಕಾಲರ್‌ಶಿಪ್‌ಗೆ ಒಂದು, ಸೇವಾಸಿಂಧುವಿಗೆ ಒಂದು, ಸಿಇಟಿಗೆ ಒಂದು, ಪಿಎಫ್‌ಗೆ ಇನ್ನೊಂದು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಪಾಸ್‌ವರ್ಡ್ ಬರೆದುಕೊಂಡು ಬರುವವರು, ಬರೆದ ಹಾಳೆಯನ್ನೇ ಕಳೆದುಕೊಂಡವರು, ಎಲ್ಲರನ್ನೂ ನೋಡುತ್ತೇನೆ. ಹಾಗಾಗಿ ಈ ಆಸೆ ಯಾಕೆ ಹುಟ್ಟುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಎಲ್ಲದಕ್ಕೂ ಒಂದೇ ಲಾಗಿನ್ ಬೇಡ ಅಂತಲೇ ಹೇಳುತ್ತೇನೆ.

ಇದನ್ನು ವಿರೋಧಿಸುವವರು ಸಾಮಾನ್ಯವಾಗಿ ಹ್ಯಾಕರ್‌ಗಳ ಹೆಸರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. 2018ರಲ್ಲಿ ಫೇಸ್‌ಬುಕ್‌ನ ಸುಮಾರು 3 ಕೋಟಿ ಖಾತೆಗಳ ಲಾಗಿನ್ ಟೋಕನ್‌ಗಳು, ಅಂದರೆ ಪಾಸ್‌ವರ್ಡ್ ಕೇಳದೆ ಖಾತೆಯೊಳಗೆ ಬಿಡುವ ಡಿಜಿಟಲ್ ಚೀಟಿಗಳು, ಕಳ್ಳರ ಕೈ ಸೇರಿದ್ದವು. ಆದರೆ ಸುರಕ್ಷತೆಯ ಲೆಕ್ಕದಲ್ಲಿ ಒಂದೇ ಲಾಗಿನ್‌ಗೆ ಒಳ್ಳೆಯ ಗುಣವೂ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಜನ ಮಗಳ ಹೆಸರಿನ ಮುಂದೆ 123 ಸೇರಿಸಿ ಅದೇ ಪಾಸ್‌ವರ್ಡನ್ನು ಹತ್ತು ಕಡೆ ಕೊಟ್ಟಿರುತ್ತಾರೆ. ಯಾವುದೋ ಸಣ್ಣ ಅಂಗಡಿಯ ವೆಬ್‌ಸೈಟ್‌ನಿಂದ ಅದು ಸೋರಿದರೆ ಹತ್ತೂ ಕಡೆ ಅಪಾಯ. ಗೂಗಲ್ ಮೂಲಕ ಲಾಗಿನ್ ಆದಾಗ ಆ ಸಣ್ಣ ವೆಬ್‌ಸೈಟ್‌ಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ. ‘ಈ ವ್ಯಕ್ತಿ ಇವರೇ’ ಅನ್ನುವ ಒಂದು ಟೋಕನ್ ಮಾತ್ರ ಹೋಗುತ್ತದೆ. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ.

ನನ್ನ ಚಿಂತೆ ಕಳ್ಳರದ್ದಲ್ಲ. ತಮ್ಮದೇ ಖಾತೆಗೆ ಹೋಗಲು ಆಗದೆ ಹೊರಗೆ ನಿಲ್ಲುವವರದ್ದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2021ರಲ್ಲಿ ನಡೆದದ್ದನ್ನೇ ನೋಡಿ. ಒಬ್ಬ ತಂದೆಯ ಪುಟ್ಟ ಮಗನಿಗೆ ಹುಷಾರಿರಲಿಲ್ಲ. ಡಾಕ್ಟರ್‌ಗೆ ತೋರಿಸಲು ಊತ ಬಂದ ಜಾಗದ ಫೋಟೊ ಕಳಿಸಿ ಅಂತ ನರ್ಸ್ ಕೇಳಿದ್ದರು. ಅವನು ಫೋನಿನಲ್ಲಿ ಫೋಟೊ ತೆಗೆದ. ಗೂಗಲ್‌ನ ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ ಅಂತ ಗುರುತು ಮಾಡಿತು. ಖಾತೆ ಬಂದ್ ಆಯಿತು. ಮೇಲ್ ಹೋಯಿತು, ಮಗನ ಹುಟ್ಟಿನಿಂದ ಕೂಡಿಟ್ಟ ಫೋಟೊಗಳು ಹೋದವು. ಅವನ ಮೊಬೈಲ್ ಸಂಪರ್ಕವೂ ಗೂಗಲ್‌ನದ್ದೇ ಆಗಿತ್ತು, ಹಾಗಾಗಿ ಫೋನ್ ನಂಬರೂ ಹೋಯಿತು. ನಂಬರ್ ಇಲ್ಲದ ಮೇಲೆ ಬೇರೆ ಖಾತೆಗಳಿಗೆ ಬರಬೇಕಾದ ಕೋಡ್ ಕೂಡ ಬರಲಿಲ್ಲ. ಪೊಲೀಸರು ತನಿಖೆ ಮಾಡಿ, ಇದರಲ್ಲಿ ಅಪರಾಧ ಏನೂ ಇಲ್ಲ ಅಂತ ಬರೆದರು. ಆ ವಿಷಯ ತಿಳಿಸೋಣ ಅಂದರೆ ಅವರಿಗೂ ಅವನ ಫೋನ್, ಮೇಲ್ ಎರಡೂ ಸಿಗಲಿಲ್ಲ! ಪೊಲೀಸರ ವರದಿ ಬಂದ ಮೇಲೂ ಗೂಗಲ್ ಖಾತೆ ವಾಪಸ್ ಕೊಡಲಿಲ್ಲ. ಅವನು ತಪ್ಪೇ ಮಾಡಿರಲಿಲ್ಲ. ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದ, ಅಷ್ಟೇ.

ಸಣ್ಣ ಕಾರಣಕ್ಕೂ ಹೀಗಾಗಬಹುದು. ಎಲ್ಲ ವೆಬ್‌ಸೈಟ್‌ಗೂ ಒಂದೇ ಗುರುತು ಅನ್ನುವ ಯೋಚನೆಯನ್ನು ಮೈಕ್ರೋಸಾಫ್ಟ್ 1999ರಲ್ಲೇ ‘ಪಾಸ್‌ಪೋರ್ಟ್’ ಅನ್ನುವ ಹೆಸರಿನಲ್ಲಿ ತಂದಿತ್ತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಆ ಸೇವೆಯ ವೆಬ್ ವಿಳಾಸದ 35 ಡಾಲರ್ ಶುಲ್ಕ ಕಟ್ಟಲು ಮರೆತುಬಿಟ್ಟಿತು. ಅದರ ಮೂಲಕವೇ ತೆರೆಯುತ್ತಿದ್ದ ಮೈಕ್ರೋಸಾಫ್ಟ್‌ನ ಇ-ಮೇಲ್ ಹಾಟ್‌ಮೇಲ್ ಬಳಸುವ ಎಷ್ಟೋ ಜನರಿಗೆ ಲಾಗಿನ್ ಆಗಲಿಲ್ಲ. ಕೊನೆಗೆ ಕಂಪನಿಗೆ ಸಂಬಂಧವೇ ಇಲ್ಲದ ಪ್ರೋಗ್ರಾಮರ್ ಒಬ್ಬರು ತಮ್ಮ ದುಡ್ಡಿನಿಂದ ಶುಲ್ಕ ಕಟ್ಟಿದರು. ಈಚಿನ ಮಾತು ಬೇಕಾದರೆ 2020ರ ಡಿಸೆಂಬರ್ 14ರಂದು ಗೂಗಲ್‌ನ ಲಾಗಿನ್ ವ್ಯವಸ್ಥೆ ಸುಮಾರು ಮುಕ್ಕಾಲು ಗಂಟೆ ನಿಂತಿತ್ತು. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಸುಮಾರು ಆರು ಗಂಟೆ ಮಲಗಿದಾಗ, ಅದರ ಮೂಲಕ ಬೇರೆ ಸೈಟ್‌ಗಳಿಗೆ ಹೋಗುತ್ತಿದ್ದವರೂ ಹೊರಗೇ ಉಳಿದರು.

ಇನ್ನು ನಮ್ಮ ಕಡೆಯ ಮಾತು. ಒಬ್ಬ ಡಿಗ್ರಿ ವಿದ್ಯಾರ್ಥಿನಿ ಸ್ಕಾಲರ್‌ಶಿಪ್ ಪಾಸ್‌ವರ್ಡ್ ಮರೆತು ನನ್ನ ಸೆಂಟರ್‌ಗೆ ಬಂದಿದ್ದಳು. ಪಾಸ್‌ವರ್ಡ್ ಬದಲಿಸಬೇಕಾದರೆ ಇ-ಮೇಲ್ ತೆರೆಯಬೇಕು. ಆ ಇ-ಮೇಲ್ ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಯಾವುದೋ ಸೆಂಟರ್‌ನವರು ಮಾಡಿಕೊಟ್ಟದ್ದು. ಕೋಡ್ ಕಳಿಸುತ್ತೇವೆ ಅಂತ ಪರದೆಯ ಮೇಲೆ ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಬಂತು. ‘ಅಣ್ಣಾ, ಇದು ನಮ್ಮನೇಲಿ ಯಾರ ನಂಬರೂ ಅಲ್ಲ’ ಅಂದಳು. ಆ ಸೆಂಟರ್‌ನವರು ತಮ್ಮ ನಂಬರನ್ನೇ ಹಾಕಿಬಿಟ್ಟಿದ್ದರು. ಅಂಗಡಿಯೂ ಮುಚ್ಚಿತ್ತು. ಆದರೆ ಅವಳ ಸಿಇಟಿ ಖಾತೆ ಬೇರೆ ಇತ್ತು, ಅಪ್ಪನ ನಂಬರಿಗೆ ಜೋಡಿಸಿತ್ತು. ಅಲ್ಲಿಂದ ಬೇಕಾದ ಕಾಗದಗಳನ್ನಾದರೂ ತೆಗೆಯಲು ಆಯಿತು. ಎಲ್ಲದಕ್ಕೂ ಆ ಒಂದೇ ಇ-ಮೇಲ್ ಇದ್ದಿದ್ದರೆ? ಇಂಥವರು ನನ್ನ ಹತ್ತಿರ ಪದೇಪದೇ ಬರುತ್ತಾರೆ. ರೀಚಾರ್ಜ್ ಮಾಡಿಸದೆ ಸಿಮ್ ಬಂದ್ ಆದ ಅಜ್ಜಿಯರೂ ಬರುತ್ತಾರೆ. ಬಂದ್ ಆದ ನಂಬರನ್ನು ಕಂಪನಿಗಳು 90 ದಿನದ ಮೇಲೆ ಬೇರೆಯವರಿಗೆ ಕೊಡಬಹುದು. ಆಮೇಲೆ ಅಜ್ಜಿಯ ಒಟಿಪಿ ಗುರುತು ಪರಿಚಯ ಇಲ್ಲದವರ ಫೋನಿಗೆ ಹೋಗುತ್ತದೆ.

ಸರ್ಕಾರಿ ಪೋರ್ಟಲ್‌ಗಳಿಗೆಲ್ಲ ಒಂದೇ ಲಾಗಿನ್ ಇರಲಿ ಅಂತ ಕೇಂದ್ರ ಸರ್ಕಾರ 2022ರಲ್ಲಿ ‘ಮೇರಿ ಪೆಹಚಾನ್’ ತಂದಿದೆ. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಅನ್ನುವ ಮೂರು ಸರ್ಕಾರಿ ಲಾಗಿನ್ ಸೇವೆಗಳಲ್ಲಿ ಯಾವುದರ ಮೂಲಕವಾದರೂ ಹೋಗಬಹುದು. ಒಂದಕ್ಕಿಂತ ಹೆಚ್ಚು ದಾರಿ ಇಟ್ಟದ್ದು ಮೆಚ್ಚಬೇಕಾದ ಸಂಗತಿ. ಆದರೆ ಹಳ್ಳಿಯ ಜನಕ್ಕೆ ಮೂರೂ ಕೊನೆಗೆ ಮೊಬೈಲ್ ಒಟಿಪಿಗೇ ಬಂದು ನಿಲ್ಲುತ್ತವೆ. ನಂಬರ್ ಹೋದರೆ ಮೂರೂ ಹೋದ ಹಾಗೆ. ಆಧಾರ್‌ನಲ್ಲಾದರೆ ಕೇಂದ್ರಕ್ಕೆ ಹೋಗಿ, ಬೆರಳಚ್ಚು ಕೊಟ್ಟು ನಂಬರ್ ಬದಲಿಸಬಹುದು. ಅಲ್ಲಿ ಒಂದು ಕೌಂಟರ್ ಇದೆ, ಕೌಂಟರ್ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಉಳಿದ ಎಷ್ಟೋ ಕಡೆ ಕೇಳೋಣ ಅಂದರೆ ಒಂದು ಫಾರಂ ಮಾತ್ರ ಇರುತ್ತದೆ. ತುಂಬಿ ಕಳಿಸಿ ಸುಮ್ನೆ ಕಾಯಬೇಕು.

ಇನ್ನೊಂದು ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದೇ ಲಾಗಿನ್ ಅಂದರೆ ನಾವು ಯಾವಾಗ ಯಾವ ಸೈಟ್‌ಗೆ ಹೋದೆವು ಅನ್ನುವುದು ಲಾಗಿನ್ ಕೊಡುವವರಿಗೆ ಗೊತ್ತಾಗುತ್ತದೆ. ಆಸ್ಪತ್ರೆ, ಸಾಲ, ಮದುವೆ ಸಂಬಂಧ ಎಲ್ಲವೂ ಒಂದೇ ಕಡೆ ಸೇರುತ್ತದೆ. ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶ ಕೊಟ್ಟಿದ್ದ ಕಾನೂನಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿತು. ಅಲ್ಲಿ ಬೇಡ ಅಂದದ್ದನ್ನು ನಾವಾಗಿ ‘ಕಂಟಿನ್ಯೂ ವಿತ್ ಗೂಗಲ್’ ಥರದ ಬಟನ್ ಒತ್ತಿ ಇನ್ನೊಂದು ದಾರಿಯಲ್ಲಿ ಒಳಗೆ ಬಿಟ್ಟುಕೊಳ್ಳುವುದು ಯಾಕೆ?

ಹಾಗಾದರೆ ನೂರು ಪಾಸ್‌ವರ್ಡ್ ನೆನಪಿಡಬೇಕಾ ಅಂತ ಕೇಳಬಹುದು. ಬೇಡ. ಫೋನಿನಲ್ಲೇ ಪಾಸ್‌ವರ್ಡ್ ಉಳಿಸಿಡುವ ಸೌಲಭ್ಯ ಇದೆ. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಪ್ಪಿಕೊಂಡ ಪಾಸ್‌ಕೀ ಕೂಡ ಬಂದಿದೆ. ಅದರಲ್ಲಿ ನಾವು ಬೆರಳು ಇಟ್ಟರೆ ಸಾಕು, ಒಳಗೆ ಮಾತ್ರ ಪ್ರತಿ ಸೈಟ್‌ಗೂ ಬೇರೆ ಬೇರೆ ಕೀ ಇರುತ್ತದೆ. ಬಳಸುವವರಿಗೆ ಸುಲಭವೂ ಹೌದು, ಒಂದು ಖಾತೆ ಕೈಕೊಟ್ಟರೆ ಇನ್ನೊಂದು ಉಳಿಯುವುದೂ ಹೌದು. ನಮಗೆ ಬೇಕಿರುವುದು ಇದೇ ಅಲ್ವಾ?

ನಮ್ಮ ರಾಜ್ಯ ಸರ್ಕಾರದ ಮುಂದೆ ನನ್ನದೊಂದು ಬೇಡಿಕೆ ಇದೆ. ಕರ್ನಾಟಕದಲ್ಲಿ ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸುವ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗೆ ಅರ್ಜಿ ಹಾಕಿದರೆ ಒಂದು ನಂಬರ್ ಕೊಡುತ್ತಾರೆ, ದಿನದ ಗಡುವು ಇರುತ್ತದೆ, ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಪರಿಹಾರವನ್ನೂ ಕೇಳಬಹುದು. ರಾಜ್ಯದ ಪೋರ್ಟಲ್‌ಗಳಲ್ಲಿ ಕಳೆದುಹೋದ ಲಾಗಿನ್ ವಾಪಸ್ ಕೊಡುವುದನ್ನೂ, ಮೊಬೈಲ್ ನಂಬರ್ ಬದಲಿಸುವುದನ್ನೂ ಇದೇ ಸಕಾಲದ ಪಟ್ಟಿಗೆ ಸೇರಿಸಲಿ. ನಾಡಕಚೇರಿಯಲ್ಲಿ ಗುರುತಿನ ಚೀಟಿ ತೋರಿಸಿ ಅರ್ಜಿ ಕೊಡುವಂತಿರಬೇಕು, ಅಲ್ಲಿಯೇ ಸಕಾಲ ನಂಬರ್ ಸಿಗಬೇಕು. ಇಷ್ಟು ಮಾಡುವ ತನಕ ಇನ್ನೊಂದು ಯೋಜನೆಯನ್ನೂ ಈಗಿರುವ ಲಾಗಿನ್‌ಗೇ ಜೋಡಿಸಬಾರದು ಅಂತ ಇ-ಆಡಳಿತ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

ಇಂತಿ,
ಸೈಬರ್ ಸೆಂಟರ್ ನಡೆಸುವ ಒಬ್ಬ ಓದುಗ,
ತುಮಕೂರು ಜಿಲ್ಲೆ