ಮ್ಯಾಗಜಿನ್ ಮತ್ತು ಖಜಾನೆ: ಸಿಂಚನಾಳಿಗೆ ಒಂದು ಪತ್ರ

ಚಿ. ಸಿಂಚನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಪದಗಳ ಹುಟ್ಟಿನ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಬರವಣಿಗೆ ಸರಾಗವಾಗಿದೆ, ತುಂಬ ಸಂತೋಷವಾಯಿತು. ಆದರೆ ‘ಮ್ಯಾಗಜಿನ್’ ಕುರಿತ ಭಾಗವನ್ನು ಮಾತ್ರ ಹಾಗೇ ಬಿಡಬೇಡಮ್ಮ. ಬಂದೂಕಿನಿಂದ ಗುಂಡು ಹಾರುವಂತೆ ವಿಚಾರಗಳು ಸಿಡಿಯುತ್ತವೆ, ಅದಕ್ಕೇ ಪತ್ರಿಕೆಗೆ ಆ ಹೆಸರು ಬಂತು ಎಂದು ಬರೆದಿದ್ದೀಯ. ಕೇಳಲು ಸೊಗಸಾಗಿದೆ, ನಿಜವಲ್ಲ.

ಮೊದಲು ಇಸವಿ ನೋಡು. ಗುಂಡುಗಳನ್ನು ಸಾಲಾಗಿ ತುಂಬಿಡುವ ಬಂದೂಕಿನ ಭಾಗಕ್ಕೆ ಆ ಹೆಸರು ರೂಢಿಯಾದದ್ದು 19ನೆಯ ಶತಮಾನದಲ್ಲಿ. ಎಡ್ವರ್ಡ್ ಕೇವ್ ಎಂಬಾತ ಲಂಡನ್ನಿನಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಶುರು ಮಾಡಿದ್ದು 1731ರಲ್ಲಿ. ನೂರು ವರ್ಷ ಆಮೇಲೆ ಬಂದದ್ದರಿಂದ ಮೊದಲೇ ಇದ್ದದ್ದಕ್ಕೆ ಹೆಸರು ಬರುವುದು ಹೇಗೆ? ಆ ಹೆಸರನ್ನು ಏಕೆ ಇಟ್ಟೆನೆಂದು ಕೇವ್ ತಾನೇ ಹೇಳಿದ್ದಾನೆ: ಅಲ್ಲಿ ಇಲ್ಲಿ ಅಚ್ಚಾದ ಒಳ್ಳೆಯ ಬರಹಗಳನ್ನು ಉಗ್ರಾಣದಲ್ಲಿ ಇಟ್ಟಂತೆ ತಿಂಗಳು ತಿಂಗಳು ಕೂಡಿಡುವುದು ಅವನ ಉದ್ದೇಶವಾಗಿತ್ತು. ಆಗ ಇಂಗ್ಲಿಷಿನಲ್ಲಿ ಮ್ಯಾಗಜಿನ್ ಎಂದರೆ ಉಗ್ರಾಣ, ಅದರಲ್ಲೂ ಹೆಚ್ಚಾಗಿ ಮದ್ದುಗುಂಡಿನ ಕೋಠಿ. ಪತ್ರಿಕೆಯೂ ಬಂದೂಕಿನ ಭಾಗವೂ ಆ ಉಗ್ರಾಣದ ಅರ್ಥದಿಂದಲೇ ಬೇರೆ ಬೇರೆಯಾಗಿ ಕವಲೊಡೆದವು. ಒಂದು ಇನ್ನೊಂದರ ಮಗುವಲ್ಲ, ಎರಡೂ ಒಡಹುಟ್ಟಿದವು.

ಪುಸ್ತಕಕ್ಕೆ ಈ ಹೆಸರಿಡುವುದು ಕೇವ್‌ಗಿಂತ ಮೊದಲೇ ಇತ್ತು. ಸ್ಯಾಮ್ಯುಯೆಲ್ ಸ್ಟರ್ಮಿ ಎಂಬ ನಾವಿಕ 1669ರಲ್ಲಿ ‘ಮ್ಯಾರಿನರ್ಸ್ ಮ್ಯಾಗಜಿನ್’ ಎಂಬ ಗ್ರಂಥ ಪ್ರಕಟಿಸಿದ್ದ. ಹಡಗು ನಡೆಸುವವರಿಗೆ ಬೇಕಾದ ತಿಳಿವಳಿಕೆಯ ಭಂಡಾರ ಅದು. ಕೇವ್ ಮಾಡಿದ್ದು, ತಿಂಗಳ ಪತ್ರಿಕೆಗೆ ಆ ಹೆಸರು ಕೊಟ್ಟದ್ದು. ಅವನ ಪತ್ರಿಕೆ ಎಷ್ಟು ಹೆಸರು ಮಾಡಿತೆಂದರೆ, ಅದಕ್ಕೇ ಬರೆಯುತ್ತಿದ್ದ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಮೊದಲು ಉಗ್ರಾಣ, ಶಸ್ತ್ರಾಗಾರ ಎಂಬ ಅರ್ಥ ಕೊಟ್ಟು, ಈಚೆಗೆ ಪತ್ರಿಕೆ ಎಂಬ ಅರ್ಥವೂ ಬಂದಿದೆ ಎಂದು ಕೇವ್‌ನ ಹೆಸರು ಹೇಳಿಯೇ ದಾಖಲಿಸಿದ. ಒಂದು ಪದದ ಅರ್ಥ ಹೊರಳಿದ ಘಳಿಗೆ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದು ಅಪರೂಪ. ನಿನ್ನ ಲೇಖನದಲ್ಲಿ ಇರಬೇಕಾದದ್ದು ಇದು.

ಇನ್ನೂ ಹಿಂದಕ್ಕೆ ಹೋಗು. ಅರಬ್ಬಿಯಲ್ಲಿ ‘ಖಜನ’ ಅಂದರೆ ಕೂಡಿಟ್ಟ. ಅದರ ಮೊದಲಿಗೆ ‘ಮ’ ಸೇರಿದರೆ ಆ ಕೆಲಸ ನಡೆಯುವ ಜಾಗ: ಮಖ್ಜನ್, ಅಂದರೆ ಕೂಡಿಡುವ ಜಾಗ. ‘ಸಜದ’ ಎಂದರೆ ಸಾಷ್ಟಾಂಗ ನಮಿಸಿದ, ನಮಿಸುವ ಜಾಗ ಮಸ್ಜಿದ್, ನಮ್ಮ ಮಸೀದಿ. ಅದೇ ಅಚ್ಚು. ಮಖ್ಜನ್‌ನ ಬಹುವಚನ ಮಖಾಜಿನ್. ಅದು ಇಟಲಿಯಲ್ಲಿ ಮಗಜ್ಜೀನೊ, ಫ್ರಾನ್ಸಿನಲ್ಲಿ ಮಗಜ್ಯಾಂ ಆಗಿ 16ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಸ್ಪೇನಿನವರು ಅರಬ್ಬಿಯಲ್ಲಿ ನಾಮಪದದ ಮೊದಲು ಸೇರುವ ‘ಅಲ್’ ಸಮೇತ ಎತ್ತಿಕೊಂಡು ಅಲ್ಮಸೇನ್ ಎಂದರು. ಅಲ್ಲಿ ಇವತ್ತಿಗೂ ಅದು ಗೋದಾಮು. ಫ್ರೆಂಚರ ಉಗ್ರಾಣ ಕ್ರಮೇಣ ಅಂಗಡಿಯಾಯಿತು, ರಷ್ಯನ್ನರ ‘ಮಗಜಿನ್’ ಕೂಡ ಅಂಗಡಿಯೇ. ಮೊರಾಕ್ಕೊದಲ್ಲಿ ಅರಸೊತ್ತಿಗೆಯ ಆಡಳಿತಕ್ಕೇ ಮಖ್ಜನ್ ಎನ್ನುತ್ತಾರೆ. ಪತ್ರಿಕೆ ಎಂಬ ಅರ್ಥ ಬೇಕಾದಾಗ ಫ್ರೆಂಚರು ತಾವೇ ಕೊಟ್ಟ ಪದವನ್ನು ಇಂಗ್ಲಿಷಿನಿಂದ ಮರಳಿ ತಂದರು. ಹಾಗಾಗಿ ಅವರಲ್ಲಿ ಎರಡು ರೂಪಗಳೂ ಅಕ್ಕಪಕ್ಕ ಬದುಕಿವೆ. ಅರಬ್ಬಿಯವರೋ, ಪತ್ರಿಕೆಗೆ ಮಜಲ್ಲಾ ಎಂಬ ಬೇರೆಯೇ ಪದ ಬಳಸುತ್ತಾರೆ.

ನಿನಗೆ ಖುಷಿಯಾಗುವ ಸಂಗತಿ ಒಂದಿದೆ. ನಮ್ಮ ‘ಖಜಾನೆ’ ಕೂಡ ಅದೇ ಧಾತುವಿನದು, ಪಾರಸಿಯ ಮೂಲಕ ಬಂದದ್ದು. ಖಜಾಂಚಿಯೂ ಅದೇ ಮನೆತನ. ಹೀಗೆ ಒಂದೇ ಬೇರು ಎರಡು ದಾರಿಯಲ್ಲಿ ಕನ್ನಡಕ್ಕೆ ಬಂದಿದೆ, ಒಂದು ಪಾರಸಿಯ ದಾರಿ, ಇನ್ನೊಂದು ಯುರೋಪನ್ನು ಸುತ್ತಿಬಂದ ಇಂಗ್ಲಿಷಿನ ದಾರಿ. ಇದನ್ನು ನಾನು ‘ಜ’ ಮತ್ತು ‘ನ’ ಹೊಂದುತ್ತವೆ ಎಂಬ ಆಧಾರದ ಮೇಲೆ ಹೇಳುತ್ತಿಲ್ಲ. ನಡುವಿನ ಒಂದೊಂದು ನಿಲುಗಡೆಗೂ ಬರಹದ ಪುರಾವೆ ಇದೆ.

ಧ್ವನಿ ಹೊಂದಿತೆಂದು ನಂಟು ಕಟ್ಟಬೇಡ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂಬಬರಮ್ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎಂದೇ ಹೇಳುತ್ತಿದ್ದರು. ಇಂಗ್ಲಿಷಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಪಾರಸಿಯ ‘ಬದ್’, ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ, ಆದರೂ ನೆಂಟರಲ್ಲ. ಇನ್ನು ನ್ಯೂಸ್ ಅಂದರೆ ಇಂಗ್ಲಿಷಿನ ನಾಲ್ಕು ದಿಕ್ಕುಗಳ ಮೊದಲಕ್ಷರ ಎಂಬ ಕತೆ ನಿನ್ನ ಲೇಖನದ ಕೊನೆಯಲ್ಲಿದೆ, ಅದನ್ನು ತೆಗೆದುಬಿಡು. ‘ನ್ಯೂ’ ಅಂದರೆ ಹೊಸದು, ಹೊಸ ಸಂಗತಿಗಳೇ ನ್ಯೂಸ್. ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಕೊಟ್ಟು ಬಿಡಿಸುವ ಹಳೆಯ ಪದದ ಕತೆ ಸಿಕ್ಕಾಗಲೆಲ್ಲ ಅನುಮಾನಪಡು, ಅಂಥವು ಬಹುಪಾಲು ಆಮೇಲೆ ಹೊಸೆದವು. ನಿಘಂಟು ‘ಮೂಲ ತಿಳಿದಿಲ್ಲ’ ಎಂದರೆ ಅದನ್ನೇ ಬರೆ. ಇಂಗ್ಲಿಷಿನ ಡಾಗ್ ಪದದ ಮೂಲವೇ ಇವತ್ತಿಗೂ ಗೊತ್ತಿಲ್ಲ, ಅದರಿಂದ ಯಾವ ನಿಘಂಟಿಗೂ ಅವಮಾನವಾಗಿಲ್ಲ.

ಇನ್ನೊಂದು ಮಾತು. ಇಷ್ಟೆಲ್ಲ ತಿಳಿದ ಮೇಲೆ, ಮ್ಯಾಗಜಿನ್‌ನ ‘ನಿಜವಾದ ಅರ್ಥ’ ಉಗ್ರಾಣ, ಉಳಿದದ್ದು ತಪ್ಪು ಎಂದು ಯಾರನ್ನೂ ತಿದ್ದಲು ಹೋಗಬೇಡ. ಇವತ್ತು ಜನ ಯಾವ ಅರ್ಥದಲ್ಲಿ ಬಳಸುತ್ತಾರೋ ಅದೇ ಇವತ್ತಿನ ಅರ್ಥ. ಹುಟ್ಟು ಬೇರೆ, ಬಾಳು ಬೇರೆ. ಲೇಖನದಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳು.

ಬಂದೂಕಿನ ಕತೆ ತೆಗೆದು, 1669, 1731, 1755 ಈ ಮೂರು ಇಸವಿಗಳನ್ನು ಇಟ್ಟುಕೊಂಡು ಮತ್ತೆ ಬರೆದು ಕಳಿಸು. ಅಚ್ಚಿಗೆ ಕೊಡುವ ಮೊದಲು ನಾನೊಮ್ಮೆ ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ